ಸ್ಕ್ರೀನ್ ಮುಚ್ಚಿದರೆ ಬೆರಳು ನಿಂತುಬಿಡುತ್ತವೆ: ಸಾಫ್ಟ್‌ವೇರ್‌ನಿಂದ ಪಿಯಾನೊ ಕಲಿಯುವುದು ಹೇಗೆ?

ಹೊಸಬೆರಳು:

ಎಲ್ಲರಿಗೂ ನಮಸ್ಕಾರ. 61 ಕೀಗಳ ಕೀಬೋರ್ಡನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸೇರಿಸಿಕೊಂಡು ಪಿಯಾನೊ ಕಲಿಯುತ್ತಿದ್ದೇನೆ. ಮೊದಲು ಯಾವ ಸಂಗೀತವನ್ನೂ ಕಲಿತಿಲ್ಲ. ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ ಮೇಲಿಂದ ಬಣ್ಣದ ಪಟ್ಟಿಗಳು ಬೀಳುತ್ತವೆ, ಅವು ಕೀ ಮುಟ್ಟಿದಾಗ ಒತ್ತಬೇಕು. ಸಣ್ಣದೊಂದು ಹಾಡನ್ನು ಎರಡೂ ಕೈಯಲ್ಲಿ ನುಡಿಸುತ್ತೇನೆ, ಅಂಕವೂ ಚೆನ್ನಾಗಿ ಬರುತ್ತದೆ. ಸ್ಕ್ರೀನ್ ಮುಚ್ಚಿದರೆ ಮಾತ್ರ ಮೊದಲ ಸಾಲೇ ದಾಟುವುದಿಲ್ಲ. ಇನ್ನೊಂದು ತೊಂದರೆ, ಕೀ ಒತ್ತಿದ ಮೇಲೆ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಹೀಗೇ ಮುಂದುವರಿಸಲಾ, ಅಥವಾ ಎಲ್ಲ ಬಿಟ್ಟು ಟೀಚರ್ ಹತ್ತಿರ ಹೋಗಲಾ?

ಕಪ್ಪುಬಿಳಿ:

ಬಿಡಬೇಡಿ. ನಾನೂ ದೊಡ್ಡವನಾದ ಮೇಲೆ ಹೀಗೇ ಕಲಿತವನು.

ತಡದ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಕೀಬೋರ್ಡ್‌ಗೆ ಅದರದೇ ಸ್ಪೀಕರ್ ಇದ್ದರೆ, ನೀವು ನುಡಿಸುವ ಸ್ವರಗಳ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿ. ಕೀಬೋರ್ಡಿನ ಸದ್ದನ್ನೇ ಕೇಳಿ. ಸ್ಪೀಕರ್ ಇಲ್ಲದಿದ್ದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ (ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಎಷ್ಟಿದೆ ನೋಡಿ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇರುವಾಗ 1024ರ ಬಫರ್ ಒಂದೇ 23 ಮಿಲಿಸೆಕೆಂಡ್ ತಿನ್ನುತ್ತದೆ. 256ಕ್ಕೆ ಇಳಿಸಿದರೆ 6ರ ಹತ್ತಿರ ಬರುತ್ತದೆ. ವಿಂಡೋಸ್ ಆದರೆ ಸದ್ದಿನ ತಡ ಕಡಿಮೆ ಮಾಡುವ ಏಸಿಯೊ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ, ವೈರ್ ಇರುವುದನ್ನೇ ಬಳಸಿ.

ಇನ್ನು ನಿಜವಾದ ಪ್ರಶ್ನೆ. ಆ ಕೇಬಲ್‌ನಲ್ಲಿ ಹೋಗುವುದು ಮಿಡಿ ಸಂದೇಶ, ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳಲು 1983ರಿಂದ ಇರುವ ಪದ್ಧತಿ. ಯಾವ ಕೀ (ಕೀಬೋರ್ಡಿನ ನಡುವಿನ ಸಿ ಸ್ವರ ಅಂದರೆ 60), ಎಷ್ಟು ಜೋರಾಗಿ (1ರಿಂದ 127), ಯಾವಾಗ ಒತ್ತಿದಿರಿ, ಯಾವಾಗ ಬಿಟ್ಟಿರಿ, ಪೆಡಲ್ ಇದ್ದರೆ ಅದು. ಸಾಫ್ಟ್‌ವೇರ್‌ಗೆ ನಿಮ್ಮ ಬಗ್ಗೆ ಗೊತ್ತಾಗುವುದು ಹೆಚ್ಚುಕಮ್ಮಿ ಇಷ್ಟೇ. ಯಾವ ಬೆರಳು ಅಂತ ಅದಕ್ಕೆ ಗೊತ್ತಿಲ್ಲ. ಮಣಿಕಟ್ಟು ಬಿಗಿದಿದೆಯಾ, ಹೆಗಲು ಮೇಲೇರಿದೆಯಾ, ಅದೂ ಗೊತ್ತಿಲ್ಲ. ಸಿ ಮೇಜರ್ ಸ್ಕೇಲನ್ನು (ಒಂದು ಸಿ ಇಂದ ಮುಂದಿನ ಸಿ ವರೆಗಿನ ಎಂಟು ಬಿಳಿ ಕೀ) ಬಲಗೈಯಲ್ಲಿ 1 2 3, ಮತ್ತೆ 1 2 3 4 5 ಅಂತ ನುಡಿಸುತ್ತಾರೆ (ಹೆಬ್ಬೆರಳು 1). ಮೂರನೇ ಸ್ವರ ಆದ ಕೂಡಲೇ ಹೆಬ್ಬೆರಳು ಅಂಗೈ ಕೆಳಗಿಂದ ನುಸುಳಿ ಎಫ್ ಮೇಲೆ ಕೂರಬೇಕು. ನೀವು ತೋರುಬೆರಳೊಂದರಲ್ಲೇ ಎಂಟೂ ಸ್ವರ ಒತ್ತಿದರೂ ಅಂಕ ಪೂರ್ತಿ ಸಿಗುತ್ತದೆ! ಆದ್ದರಿಂದ ಅಂಕವನ್ನು ನಂಬಬೇಡಿ. ಬೆರಳಿನ ನಂಬರ್ ಬರೆದಿರುವ ಪಾಠವನ್ನೇ ಆರಿಸಿಕೊಳ್ಳಿ, ಅದರಂತೆಯೇ ನುಡಿಸಿ.

ಸ್ಕ್ರೀನ್ ಮುಚ್ಚಿದರೆ ನಿಲ್ಲುವುದಕ್ಕೆ ಕಾರಣ, ಪಟ್ಟಿ ಬೀಳುವಾಗ ಕಣ್ಣು ಮಾತ್ರ ದುಡಿಯುತ್ತದೆ. ಮುಂದಿನ ಸ್ವರ ಯಾವುದು ಅಂತ ಕಿವಿಯನ್ನು ಯಾರೂ ಕೇಳುವುದೇ ಇಲ್ಲ. ಹಾಡನ್ನು ಎರಡೆರಡು ಬಾರ್ (ಒಂದು ಬಾರ್ ಅಂದರೆ ತಾಳದ ಒಂದು ಸುತ್ತು) ಆಗಿ ತುಂಡುಮಾಡಿ, ಲೂಪ್ ಹಾಕಿ. ಮೊದಲು ಕೇಳಿ, ಬಾಯಲ್ಲಿ ಗುನುಗಿ. ಆಮೇಲೆ ಬಲಗೈ ಒಂದೇ, ಅರ್ಧ ವೇಗದಲ್ಲಿ. ಎಡಗೈ ಒಂದೇ. ಆಮೇಲೆ ಸ್ಕ್ರೀನ್ ಮುಚ್ಚಿ ಅಷ್ಟನ್ನೇ ನುಡಿಸಿ. ಅದು ಬಂದರೆ ಮಾತ್ರ ಮುಂದಕ್ಕೆ. ನೀವು ಒತ್ತುವವರೆಗೂ ಕಾಯುವ ವೇಟ್ ಮೋಡ್ ಇರುತ್ತಲ್ಲ, ಅದು ಸ್ವರ ಹುಡುಕಿಕೊಳ್ಳುವುದಕ್ಕೆ ಒಳ್ಳೆಯದು. ಅದರಲ್ಲೇ ಉಳಿದರೆ ತಾಳ ಬರಲ್ಲ, ಯಾಕೆಂದರೆ ಎಷ್ಟು ತಡವರಿಸಿದರೂ ಅದು ಸುಮ್ನೆ ಕಾಯುತ್ತದೆ. ಸ್ವರ ಗೊತ್ತಾದ ದಿನವೇ ಅದನ್ನು ಬಿಟ್ಟು ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಹೇಳುತ್ತೇನೆ: ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಉಚಿತ, ಅದನ್ನು ಹಾಕಿಕೊಳ್ಳಿ. ನುಡಿಸುವ ಹಾಡನ್ನು ನೀವೇ ಸ್ವರ ಸ್ವರವಾಗಿ ಅದರಲ್ಲಿ ಬರೆಯಿರಿ. ಪ್ಲೇ ಒತ್ತಿದರೆ ತಪ್ಪು ಬರೆದದ್ದು ತಕ್ಷಣ ಕಿವಿಗೆ ಸಿಗುತ್ತದೆ. ನನಗೆ ಐದು ಗೆರೆಯ ಮೇಲೆ ಬರೆಯುವ ಸ್ವರಲಿಪಿ ಓದುವುದು ಬಂದದ್ದು ಹಾಗೆ ಬರೆದೂ ಬರೆದೂ.

ಎಡಗೈ:

ಕಪ್ಪುಬಿಳಿಯವರ ಮಾತು ಸರಿ. ಆದರೂ ಬೀಳುವ ಪಟ್ಟಿಯನ್ನು ಪೂರ್ತಿ ದೂರ ಇಡಬೇಡಿ. ಮೊದಲ ವಾರಗಳಲ್ಲಿ ನನ್ನನ್ನು ಕೀಬೋರ್ಡ್ ಮುಂದೆ ಕೂರಿಸಿದ್ದೇ ಆ ಪಟ್ಟಿ. ಇಷ್ಟದ ಹಾಡು ಕೈಯಿಂದ ಹೊರಬರುವ ಖುಷಿ ಬೇಕಲ್ವಾ? ಅಭ್ಯಾಸದ ಕೊನೆಗೆ ಸ್ವಲ್ಪ ಹೊತ್ತು ಅದು ಇರಲಿ.

ಗೆರೆ ಓದುವಾಗ ಎಲ್ಲ ಸ್ವರವನ್ನೂ ಒಟ್ಟಿಗೆ ಬಾಯಿಪಾಠ ಮಾಡಬೇಡಿ. ಟ್ರೆಬಲ್ ಕ್ಲೆಫ್‌ನಲ್ಲಿ (ಸಾಮಾನ್ಯವಾಗಿ ಬಲಗೈಯ, ಮೇಲಿನ ಐದು ಗೆರೆ) ಕೆಳಗಿಂದ ಎರಡನೇ ಗೆರೆ ಜಿ. ಬಾಸ್ ಕ್ಲೆಫ್‌ನಲ್ಲಿ (ಎಡಗೈಯ, ಕೆಳಗಿನ ಐದು ಗೆರೆ) ಕೆಳಗಿಂದ ನಾಲ್ಕನೇ ಗೆರೆ ಎಫ್. ಎರಡರ ನಡುವೆ ನಡು ಸಿ. ಈ ಮೂರು ಗೊತ್ತಿದ್ದರೆ ಉಳಿದದ್ದನ್ನು ಅಲ್ಲಿಂದ ಎಣಿಸಬಹುದು.

ಟೀಚರ್ ಬಗ್ಗೆ: ತಿಂಗಳಿಗೊಮ್ಮೆ ಯಾರಾದರೂ ಬಲ್ಲವರು ಕೈ ನೋಡಿದರೂ ಸಾಕು. ಪಕ್ಕದಿಂದ ಫೋನ್‌ನಲ್ಲಿ ಕೈಯ ವಿಡಿಯೊ ತೆಗೆದು ತೋರಿಸಿ. ಮಣಿಕಟ್ಟು ನೋಯುತ್ತಿದ್ದರೆ ಅಲ್ಲೇ ನಿಲ್ಲಿಸಿ, ನೋವಲ್ಲಿ ನುಡಿಸಬೇಡಿ.

ಹೊಸಬೆರಳು:

ತುಂಬಾ ಥ್ಯಾಂಕ್ಸ್. ಸದ್ದು ಆಫ್ ಮಾಡಿದೆ, ತಡ ಹೋಯ್ತು. ಮೊದಲ ಎರಡು ಬಾರ್ ಸ್ಕ್ರೀನ್ ಇಲ್ಲದೆ ಬಂತು! 61 ಕೀ ಸಾಕಾ, 88 ಬೇಕಾ?

ಕಪ್ಪುಬಿಳಿ:

61 ಕೀ ಅಂದರೆ ಐದು ಆಕ್ಟೇವ್ (ಸ್ಥಾಯಿ), ಶುರುವಿನ ಹಾಡುಗಳಿಗೆ ಅದು ಧಾರಾಳವಾಯ್ತು. ಕೀಗಳ ಸಂಖ್ಯೆಗಿಂತ ಕೀ ಒತ್ತಡಕ್ಕೆ ಸ್ಪಂದಿಸುತ್ತದಾ ಅನ್ನುವುದು ಮುಖ್ಯ. ಒಂದೇ ಕೀಯನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ಸದ್ದು ಎರಡು ಸಲವೂ ಒಂದೇ ಥರ ಇದ್ದರೆ ಮೊದಲು ಸೆಟ್ಟಿಂಗ್‌ನಲ್ಲಿ ಟಚ್ ಆನ್ ಇದೆಯಾ ನೋಡಿ. ಆ ಸೌಲಭ್ಯವೇ ಇಲ್ಲದಿದ್ದರೆ ಮುಂದೆ ಕೀಬೋರ್ಡ್ ಬದಲಾಯಿಸುವಾಗ ತೂಕದ ಕೀ (ನಿಜವಾದ ಪಿಯಾನೊದಂತೆ ಒತ್ತಲು ಭಾರವಾದದ್ದು) ಇರುವ 88ರದ್ದನ್ನೇ ತಗೊಳ್ಳಿ. ಅಲ್ಲಿಯವರೆಗೆ ಇದರಲ್ಲೇ ಎಡಗೈ ಜಾಸ್ತಿ ನುಡಿಸಿ.