ಮಳೆಗೆ ಬಾಗಿದ ಹಳೇ ಬೇಸ್

ಪ್ರಶ್ನೆ (ತೀರ್ಥಹಳ್ಳಿ): 1970ರ ದಶಕದ ಜಾಝ್ ಬೇಸ್ (ಬೇಸ್ ಗಿಟಾರ್). ಮಳೆ ಹಿಡಿದ ಮೇಲೆ ತಂತಿ ಮೇಲೆದ್ದಿದೆ, ವಾಲ್ಯೂಮ್ ತಿರುಗಿಸಿದರೆ ಕರಕರ. ಪಾಟ್ (ವಾಲ್ಯೂಮ್ ಗುಂಡಿ ಕೆಳಗಿನ ಬಿಡಿಭಾಗ) ಬದಲಿಸಲಾ?

ಉತ್ತರ: ತಡೀರಿ ಸಾರ್. ಪಾಟ್ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಿಕ್ ಭಾಗ ತೊಳೆಯುವ ಸ್ಪ್ರೇ) ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಎಣ್ಣೆ ಬೇಡ, ಜಿಡ್ಡಿಗೆ ಧೂಳು ಕೂರುತ್ತೆ. ಆಗಲೂ ಹೋಗದಿದ್ದರೆ 250 ಕೆ (ಕಿಲೋ ಓಮ್) ಪಾಟ್ ಹಾಕಿ. ಹಳೇದನ್ನು ಮಾತ್ರ ಎಸೀಬೇಡಿ, ಮಾರುವಾಗ ಅದಕ್ಕೇ ಬೆಲೆ.

ಇನ್ನೊಬ್ಬರು: ತಂತಿ ಮೇಲೆದ್ದಿದ್ದರೆ ಮೊದಲು ಕತ್ತು ನೋಡಿ. ಮೊದಲ, ಕೊನೆಯ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿ ಒತ್ತಿ ಹಿಡಿದು ಎಂಟನೆಯದರ ಮೇಲೆ ತಂತಿ ಕೆಳಗಿನ ಸಂದು ಅಳೆಯಿರಿ, 0.3 ಮಿ.ಮೀ. ಸಾಕು. ಜಾಸ್ತಿ ಇದ್ದರೆ ತಂತಿ ಸಡಿಲಿಸಿ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ನಟ್ ಬಲಕ್ಕೆ ಕಾಲು ಸುತ್ತು, ಮಾರನೇ ದಿನ ಮತ್ತೆ ಅಳತೆ. ಆ ನಟ್ ಕತ್ತಿನ ಬುಡದಲ್ಲಿದ್ದರೆ ಕತ್ತು ಬಿಚ್ಚಬೇಕಾಗಬಹುದು. ತಿರುಗದಿದ್ದರೆ ಒತ್ತಾಯ ಬೇಡ, ರಾಡ್ ತುಂಡಾಗುತ್ತೆ.

ಪ್ರಶ್ನೆ: ಒಲೆ ಮೇಲಿನ ಅಟ್ಟದಲ್ಲಿಟ್ಟರೆ?

ಉತ್ತರ: ಅಡಿಕೆಯಲ್ಲ ಸ್ವಾಮಿ ಅದು! ಕೇಸಲ್ಲಿ ತೇವ ಹೀರೋ ಸಿಲಿಕಾ ಜೆಲ್ ಇಡಿ.