ಟ್ರಿಪಲ್ ಜೆ ಹಾಟೆಸ್ಟ್ 100: ಮತದಾನ ನಡೆಯುವುದು ಹೇಗೆ?

ಪ್ರಶ್ನೆ:
ಮೆಲ್ಬರ್ನ್‌ಗೆ ಬಂದು ನೆಲೆಸಿದ ಮೇಲೆ, ಜನವರಿ ಬಂತೆಂದರೆ ಸಹೋದ್ಯೋಗಿಗಳೆಲ್ಲ ಟ್ರಿಪಲ್ ಜೆ ರೇಡಿಯೋದ ನೂರು ಹಾಡುಗಳ ಪಟ್ಟಿಯನ್ನೇ ಚರ್ಚಿಸುವುದನ್ನು ಗಮನಿಸಿದ್ದೇನೆ. ಈ ಪಟ್ಟಿಯನ್ನು ನಿಜವಾಗಿಯೂ ಕೇಳುಗರೇ ನಿರ್ಧರಿಸುತ್ತಾರೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಹೌದು, ಕೇಳುಗರೇ ನಿರ್ಧರಿಸುತ್ತಾರೆ. ಒಬ್ಬರು ವರ್ಷದ ಹತ್ತು ಹಾಡುಗಳನ್ನು ಆರಿಸಬಹುದು; ಆ ಹತ್ತಕ್ಕೂ ಸಮಾನ ಬೆಲೆಯಿರುವುದರಿಂದ ಯಾವುದನ್ನು ಮೊದಲು ಬರೆದಿರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. 1989ರಲ್ಲಿ ಆರಂಭವಾದಾಗ ಯಾವ ಕಾಲದ ಹಾಡಿಗಾದರೂ ಮತ ಹಾಕಬಹುದಿತ್ತು. ಆಯಾ ವರ್ಷದ ಹಾಡುಗಳಿಗೇ ಸೀಮಿತವಾದದ್ದು 1993ರ ಪಟ್ಟಿಯಿಂದ. ಪ್ರಸಾರದ ದಿನ ನೂರನೆಯ ಸ್ಥಾನದಿಂದ ಒಂದೊಂದಾಗಿ ಹಾಡುಗಳನ್ನು ನುಡಿಸುತ್ತ ಬರುತ್ತಾರಾದ್ದರಿಂದ, ಸಂಜೆಯವರೆಗೂ ಕುತೂಹಲ ಆರುವುದಿಲ್ಲ.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. 2015ರ ಜನವರಿಯಲ್ಲಿ ಟೇಲರ್ ಸ್ವಿಫ್ಟ್ ಅವರ ಹಾಡನ್ನು ಗೆಲ್ಲಿಸಲು ಅಂತರ್ಜಾಲದಲ್ಲಿ ದೊಡ್ಡ ಅಭಿಯಾನವೇ ನಡೆದು, ವಾಣಿಜ್ಯ ಸಂಸ್ಥೆಯೊಂದು ಅದನ್ನು ತನ್ನ ಪ್ರಚಾರಕ್ಕೂ ಬಳಸಿಕೊಂಡಿದ್ದರಿಂದ, ವಾಹಿನಿಯು ಆ ಹಾಡನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ: ಕೇಳುಗರ ಮತವೆಂದ ಮೇಲೆ ಅದು ಜಾಹೀರಾತಿನ ಸರಕಾಗಬಾರದು.

ಉತ್ತರ 3:
ದಿನಾಂಕದ ವಿಷಯವನ್ನೂ ತಿಳಿದಿರಿ. ಹಲವು ವರ್ಷ ಇದು ಜನವರಿ 26ರಂದು, ನಮ್ಮ ಗಣರಾಜ್ಯೋತ್ಸವದ ದಿನವೇ, ಪ್ರಸಾರವಾಗುತ್ತಿತ್ತು. 1788ರಲ್ಲಿ ಬ್ರಿಟಿಷ್ ನೌಕಾಪಡೆ ಸಿಡ್ನಿಯಲ್ಲಿ ನೆಲೆಯೂರಿದ ಆ ದಿನ ಮೂಲನಿವಾಸಿಗಳಿಗೆ ಶೋಕದ ದಿನವಾದ್ದರಿಂದ, ಕೇಳುಗರ ಅಭಿಪ್ರಾಯ ಸಂಗ್ರಹಿಸಿ, 2018ರಿಂದ ಪ್ರಸಾರವನ್ನು ಜನವರಿಯ ನಾಲ್ಕನೆಯ ವಾರಾಂತ್ಯಕ್ಕೆ ಬದಲಾಯಿಸಿದರು. ಮತದಾನ ಉಚಿತ, ನೀವೂ ಈ ಬಾರಿ ಹತ್ತು ಹಾಡುಗಳನ್ನು ಆರಿಸಿ.