ಸಹಾಯ ಬೇಕು: ಚರ್ಚ್ ಸಭೆಯ ಲೆಕ್ಕ ಕೇಳೋದು ಹೇಗೆ? (ದಾವಣಗೆರೆ)

ಎಲ್ಲರಿಗೂ ವಂದನೆ. ಸಭೆಯ ಹೆಸರು ಹೇಳಲ್ಲ, ದಾವಣಗೆರೆಯದ್ದು ಅಷ್ಟೇ. ಚಾವಣಿ ರಿಪೇರಿಗೆ ಅಂತ ಎರಡು ವರ್ಷ ಕಾಣಿಕೆ ಎತ್ತಿದರು. ಮಂಡಕ್ಕಿ ಭಟ್ಟಿಗೆ ಹೋಗುವ ನಮ್ಮಮ್ಮ ವಾರದ ಕೂಲಿಯಲ್ಲಿ ನೂರು ರೂಪಾಯಿ ಮಡಚಿ ಕವರಿಗೆ ಹಾಕ್ತಿದ್ದಳು. ಚಾವಣಿ ಹಾಗೇ ಇದೆ; ಮೊನ್ನೆ ಮಳೆಗೆ ಪುಲ್ಪಿಟ್ ಪಕ್ಕ ಬಕೆಟ್ ಇಟ್ಟಿದ್ವಿ. ರಸೀದಿ ತೆಗೆದು ನೋಡಿದರೆ ಒಂದರಲ್ಲೂ ನಂಬರಿಲ್ಲ.

ಲೆಕ್ಕ ನೋಡ್ತಿದ್ದವರು ಸಂಡೇ ಸ್ಕೂಲಲ್ಲಿ ನನಗೆ ಬೈಬಲ್ ವಚನ ಬಾಯಿಪಾಠ ಮಾಡಿಸಿದ ಅಣ್ಣ. ನೋವು ಅದೇ. ಕೇಳಿದ್ದಕ್ಕೆ "ದೇವರ ಸೇವಕರ ಮೇಲೇ ಅನುಮಾನವಾ?" ಅಂದರು. ಈಗ ಆರಾಧನೆ ಮುಗಿದರೆ ಯಾರೂ ಮಾತಾಡಿಸಲ್ಲ. ಅಮ್ಮ ಮಾತ್ರ ಅದೇ ಬೆಂಚಲ್ಲಿ ಕೂರ್ತಾಳೆ. "ಹಣದ ಚೀಲ ಯೂದನ ಕೈಲೇ ಇತ್ತು, ಅದಕ್ಕೆ ಪೇತ್ರ ಯೇಸುನ ಬಿಟ್ಟನಾ?" ಅಂತಾಳೆ. (ಇಬ್ಬರೂ ಯೇಸುವಿನ ಶಿಷ್ಯರು. ಯೂದ ಯೇಸುವನ್ನು ಹಿಡಿದುಕೊಟ್ಟ ರಾತ್ರಿ ಪೇತ್ರನೂ ಓಡಿದ್ದ, ಆಮೇಲೆ ಬಂದ.)

ಸಭೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದೆ. ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ಮಾಡಬೇಕು. ಆದರೆ ಸಹಿಗೆ ಜನ ಹೆದರ್ತಾರೆ. ದಾವಣಗೆರೆ, ಚಿತ್ರದುರ್ಗ ಕಡೆ ಯಾರಾದರೂ ಇಂಥ ಅರ್ಜಿ ಕೊಟ್ಟಿದ್ದೀರಾ? ನಂಬರಿಲ್ಲದ ರಸೀದಿ ನಡೆಯುತ್ತಾ? ಮೆಸೇಜ್ ಮಾಡಿ. "ಬೇರೆ ಸಭೆಗೆ ಹೋಗಿ" ಅನ್ನೋದೊಂದು ಬೇಡ, ಅಮ್ಮ ಬರಲ್ಲ, ನಾನೂ ಹೋಗಲ್ಲ.